ಅಪ್‌ಡೇಟ್: ಓರೆ ಕುರ್ಚಿಯ ಮಾರ್ಟೈಸ್-ಟೆನನ್ ಜೋಡಣೆ ಕೂಡಿಬಂತು

ಮುಂದೆ 480, ಹಿಂದೆ 400 ಮಿ.ಮೀ. ಅಗಲ, 400 ಮಿ.ಮೀ. ಆಳದ ತೇಗದ ಕುರ್ಚಿಗೆ ಪಕ್ಕದ ಅಡ್ಡಪಟ್ಟಿಗಳನ್ನು ಓರೆಯಾಗಿ ಕೂಡಿಸುವುದು ಹೇಗೆಂದು ಕೇಳಿದ್ದೆ. ಬಿಡಿ ಟೆನನ್ (ಎರಡೂ ಮರಗಳಲ್ಲಿ ತೋಡಿದ ಮಾರ್ಟೈಸ್ ಎಂಬ ಕುಳಿಗಳಲ್ಲಿ ಕೂರುವ ಪ್ರತ್ಯೇಕ ಮರದ ನಾಲಿಗೆ) ಬಳಸಿ ಎಂದವರಿಗೆ ಮನಸಾರೆ ವಂದನೆಗಳು. ಜೋಡಣೆ ಬಿಗಿಯಾಗಿ ಕುಳಿತಿದೆ.

ಪ್ರತಿ ಬದಿಗೆ 400ಕ್ಕೆ 40 ಮಿ.ಮೀ. ಓರೆ, ಅಂದರೆ ಸುಮಾರು 5.7 ಡಿಗ್ರಿ. ಪಟ್ಟಿಯ ತುದಿಗಳನ್ನು ಅದೇ ಕೋನಕ್ಕೆ ಕತ್ತರಿಸಿ, 200 ಮಿ.ಮೀ. ಉದ್ದಕ್ಕೆ 20 ಮಿ.ಮೀ. ಏರುವ ಬೆಣೆಯನ್ನು ಜಿಗ್‌ನಲ್ಲಿ (ತೋಡುವಾಗ ಪಟ್ಟಿಯನ್ನು ಹಿಡಿದಿಡುವ ಚೌಕಟ್ಟು) ಪಟ್ಟಿಯ ಹಿಂದೆ ಇಟ್ಟೆ. ತುದಿ ಜಿಗ್‌ನ ಮೇಲ್ಮೈಗೆ ಸಮವಾಗಿ ನಿಂತಿತು. ರೂಟರ್ ಯಂತ್ರದ 8 ಮಿ.ಮೀ. ಸುರುಳಿ ಬಿಟ್‌ನಿಂದ (ತಿರುಗುವ ಅಲಗು), ಒಂದು ಸಲಕ್ಕೆ 3 ಮಿ.ಮೀ.ನಂತೆ, ತುದಿಯಲ್ಲಿ 30 ಮಿ.ಮೀ. ಆಳದ ಮಾರ್ಟೈಸ್ ತೋಡಿದೆ. ಕಾಲುಗಳ ಮಾರ್ಟೈಸ್ ಎಂದಿನಂತೆ ನೇರ.

ಗಮನಿಸಬೇಕಾದದ್ದು ಮಾರ್ಟೈಸ್‌ನ ಗೋಡೆಯ ದಪ್ಪ, ಅಂದರೆ ಅದರ ಎರಡು ಪಕ್ಕ ಉಳಿಯುವ ಮರ. 22 ಮಿ.ಮೀ. ದಪ್ಪದ ಪಟ್ಟಿಯಲ್ಲಿ ಮಾರ್ಟೈಸನ್ನು ನಡುವೆ ಆರಂಭಿಸಿದರೆ ತಳದ ಹೊತ್ತಿಗೆ ಅದು 3 ಮಿ.ಮೀ. ಸರಿದು, ಒಂದು ಪಕ್ಕ 4 ಮಿ.ಮೀ. ಮಾತ್ರ ಉಳಿಯುತ್ತದೆ. ಹಾಗಾಗಿ ಬಾಯಿಯನ್ನು ಎದುರು ಬದಿಗೆ 1.5 ಮಿ.ಮೀ. ಸರಿಸಿದೆ. ಈಗ ಎಲ್ಲಿಯೂ 5.5ಕ್ಕಿಂತ ಕಡಿಮೆಯಿಲ್ಲ.

ನನಗೆ ಬಹಳ ಹಿಡಿಸಿದ ಸಂಗತಿ: ಮಾರ್ಟೈಸ್ ಪಟ್ಟಿಯ ಅಗಲದ (ದಪ್ಪದ ಅಲ್ಲ, ಮೇಲಂಚಿನಿಂದ ಕೆಳಂಚಿನವರೆಗಿನ ಅಳತೆಯ) ನಟ್ಟನಡುವೆ ಇದ್ದರೆ ನಾಲ್ಕೂ ತುದಿಗಳಿಗೆ ಒಂದೇ ಬೆಣೆ, ಒಂದೇ ಹೊಂದಿಕೆ ಸಾಕು. ಟೆನನ್‌ನ ಎಳೆ ಅದರ ಉದ್ದಕ್ಕೇ ಓಡುವುದರಿಂದ, ಪಟ್ಟಿಯಲ್ಲೇ ಓರೆಯಾಗಿ ಕೆತ್ತಿದ ಟೆನನ್‌ನಂತೆ ಎಳೆ ಅಡ್ಡ ಕತ್ತರಿಸಿಹೋಗುವ ಭಯವಿಲ್ಲ.

ಅಂಟು ಹಾಕುವಾಗ ಕ್ಲ್ಯಾಂಪ್ ಜಾರದಂತೆ, ಬೆಣೆಯ ಉಳಿದ ತುಂಡುಗಳನ್ನೇ ಕ್ಲ್ಯಾಂಪ್‌ನ ಬಾಯಿಗೆ ಕೊಡಿ.