1998ರ ಮಾರುತಿ 800: ಬೆಳಿಗ್ಗೆ ಟಿಕ್ ಟಿಕ್, ಏರಿನಲ್ಲಿ ಕಣಕಣ. ಎಂಜಿನ್ ಇಳಿಸಲೇಬೇಕೇ?

ನಾಪೋಕ್ಲು_ತೋಟ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1998ರ ಕಾರ್ಬುರೇಟರ್ ಮಾದರಿಯ ಮಾರುತಿ 800 ಇದೆ. ಈ ಮಳೆಗಾಲ ಶುರುವಾದಾಗಿನಿಂದ ಅದರಲ್ಲಿ ಎರಡು ಬಗೆಯ ಸದ್ದು ಕೇಳಿಸುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಹೊಲಿಗೆ ಯಂತ್ರದಂತೆ ಟಿಕ್ ಟಿಕ್ ಎನ್ನುತ್ತದೆ; ಎಂಜಿನ್ ಬಿಸಿಯಾದಂತೆ ತಗ್ಗುತ್ತದೆಯಾದರೂ ಪೂರ್ತಿ ನಿಲ್ಲುವುದಿಲ್ಲ. ಮಡಿಕೇರಿಯ ಕಡೆಗೆ ಏರು ಹತ್ತುವಾಗ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಕಣಕಣ ಸದ್ದು ಬರುತ್ತದೆ, ಎರಡನೇ ಗೇರಿಗೆ ಇಳಿಸಿದರೆ ಇಲ್ಲವಾಗುತ್ತದೆ. ಆಯಿಲ್ ದೀಪ ಸ್ಟಾರ್ಟ್ ಆದೊಡನೆ ಆರುತ್ತದೆ. ಗ್ಯಾರೇಜಿನವರು ಕೇಳಿ, ಎಂಜಿನ್ ಇಳಿಸಿ ಬೋರಿಂಗ್ (ಸವೆದ ಸಿಲಿಂಡರುಗಳ ಒಳಗೋಡೆ ಕೊರೆದು ಸರಿಪಡಿಸುವುದು) ಮಾಡಿಸಬೇಕು ಎಂದಿದ್ದಾರೆ. ತಂದೆಯವರು ಆಸೆಪಟ್ಟು ಕೊಂಡ ಗಾಡಿಯಾದ್ದರಿಂದ ಮಾರುವ ಮನಸ್ಸಿಲ್ಲ. ಆದರೆ ಬಿಚ್ಚಿಸುವ ಮೊದಲು ಕಾರಣ ಖಚಿತವಾಗಬೇಕು. ಬಲ್ಲವರು ದಯವಿಟ್ಟು ತಿಳಿಸಿ.

ಹಳೇ_ಬಂಡಿ_ವಿರಾಜಪೇಟೆ:

ಸರ್, ದಯವಿಟ್ಟು ಈಗಲೇ ಎಂಜಿನ್ ಇಳಿಸಬೇಡಿ. ತಾವು ಹೇಳಿದ ಎರಡು ಸದ್ದುಗಳಿಗೆ ಬೇರೆ ಬೇರೆ ಕಾರಣಗಳಿರುವ ಸಾಧ್ಯತೆಯೇ ಹೆಚ್ಚು.

ಮೊದಲನೆಯದು ಟ್ಯಾಪೆಟ್ ಸದ್ದಿರಬಹುದು, ಅಂದರೆ ವಾಲ್ವ್ ಒತ್ತುವ ಭಾಗಗಳ ನಡುವಿನ ಸಂದು ಹೆಚ್ಚಾಗಿರಬಹುದು; ಇಲ್ಲವೇ ಸಿಲಿಂಡರುಗಳ ಹೊಗೆಯನ್ನು ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹೆಡ್ಡಿಗೆ (ಎಂಜಿನ್ನಿನ ಮೇಲ್ಭಾಗಕ್ಕೆ) ಕೂಡುವಲ್ಲಿನ ಗ್ಯಾಸ್ಕೆಟ್ ಸೋರುತ್ತಿರಬಹುದು. ಕಿವಿಗೆ ಇವೆರಡೂ ಒಂದೇ ಥರ ಕೇಳಿಸುತ್ತವೆ, ಏಕೆಂದರೆ ಒಂದು ವಾಲ್ವ್ ತೆರೆಯುವುದೂ ಒಂದು ಸಿಲಿಂಡರ್ ಹೊಗೆ ಉಗುಳುವುದೂ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಒಮ್ಮೆ ಮಾತ್ರ. ವ್ಯತ್ಯಾಸ ತಿಳಿಯಲು ಎಂಜಿನ್ ಆಫ್ ಮಾಡಿ, ಒಂದು ಸ್ಪಾರ್ಕ್ ಪ್ಲಗ್ಗಿನ ವೈರ್ ತೆಗೆದು, ಅದರ ತುದಿಯನ್ನು ಬ್ಲಾಕಿಗೆ ಅರ್ಥ್ ಕೊಟ್ಟು, ಮತ್ತೆ ಸ್ಟಾರ್ಟ್ ಮಾಡಿ ಕೇಳಿ. ಆಗ ಆ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯುವುದಿಲ್ಲ. ಮೂರು ಸಿಲಿಂಡರಿಗೂ ಹೀಗೆಯೇ ಮಾಡಿ. ಟ್ಯಾಪೆಟ್ ಆಗಿದ್ದರೆ ಸದ್ದು ಬದಲಾಗುವುದಿಲ್ಲ. ಗ್ಯಾಸ್ಕೆಟ್ ಸೋರಿಕೆಯಾಗಿದ್ದರೆ ಆ ಸಿಲಿಂಡರಿನ ವೈರ್ ತೆಗೆದಾಗ ಟಿಕ್ ಟಿಕ್ ಬಹುಮಟ್ಟಿಗೆ ಅಡಗುತ್ತದೆ. ತಳದಿಂದ ಬರುವ ದಪ್ಪನೆಯ ಡಬ್ ಡಬ್ ಸದ್ದು ಹೀಗೆ ತಗ್ಗಿದರೆ ಮಾತ್ರ ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ದಂಡ) ಬೇರಿಂಗಿನ ಮೇಲೆ ಅನುಮಾನ ಪಡಬೇಕು. ಅದಾದರೂ ಆಯಿಲ್ ಬಿಸಿಯಾಗಿ ತೆಳುವಾದಂತೆ ಹೆಚ್ಚಾಗುವ ಸದ್ದು, ತಮ್ಮದು ಕಡಿಮೆಯಾಗುತ್ತಿದೆ. ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧಗೊಳಿಸುವ ಸಾಧನ) ಇರುವ ಗಾಡಿಯಲ್ಲಿ ಈ ಪರೀಕ್ಷೆಯನ್ನು ಹೆಚ್ಚು ಹೊತ್ತು ಮಾಡಬಾರದು. ಫ್ಯಾನ್ ಬೆಲ್ಟಿನ ಹತ್ತಿರ ತೋಳು, ಶಾಲು ಬಾರದಂತೆ ಎಚ್ಚರವಿರಲಿ.

ಏರಿನ ಕಣಕಣ ಸದ್ದು ನಾಕಿಂಗ್ (ಸಿಲಿಂಡರಿನೊಳಗಿನ ಪೆಟ್ರೋಲ್-ಗಾಳಿ ಮಿಶ್ರಣ ತಾನಾಗಿಯೇ ಸಿಡಿಯುವುದು) ಎಂದೇ ನನಗನ್ನಿಸುತ್ತದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಸಿಲಿಂಡರಿನೊಳಗಿನ ಒತ್ತಡ ಇಳಿಯುವುದರಿಂದ ನಾಕಿಂಗ್ ಕಡಿಮೆಯಾಗಬೇಕು. ಹಾಗಿದ್ದೂ ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿರುವ ಮಡಿಕೇರಿಯ ಸುತ್ತಮುತ್ತ ಇಷ್ಟು ಸ್ಪಷ್ಟವಾಗಿ ಕೇಳಿಸುತ್ತಿದೆಯೆಂದರೆ ಇಗ್ನಿಷನ್ ಟೈಮಿಂಗ್ ತಪ್ಪಿ ಪ್ಲಗ್ಗಿನ ಕಿಡಿ ಬೇಕಾದ್ದಕ್ಕಿಂತ ಬೇಗನೆ ಹಾರುತ್ತಿರಬೇಕು, ಹೆಡ್ಡಿನಲ್ಲಿ ಕಾರ್ಬನ್ ಕಟ್ಟಿರಬೇಕು, ಇಲ್ಲವೇ ಎಂಜಿನ್ ಹೆಚ್ಚು ಬಿಸಿಯಾಗುತ್ತಿರಬೇಕು. ಟೈಮಿಂಗ್ ಲೈಟ್ (ಕಿಡಿಯ ಹೊತ್ತನ್ನು ಅಳೆಯುವ ದೀಪ) ಇರುವವರ ಬಳಿ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ನೋಡಿಸಿ.

ಸೋಮವಾರಪೇಟೆ_ಚಾಲಕ:

ಒಂದು ಮಾತು ಸೇರಿಸುತ್ತೇನೆ. ತೋಟದ ಕಲ್ಲುದಾರಿಯಲ್ಲಿ ಓಡಾಡುವ ಗಾಡಿಯಾದರೆ ಎಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ತೊಟ್ಟಿಯ, ಅಂದರೆ ಆಯಿಲ್ ಸಂಪಿನ ತಳವನ್ನು ಒಮ್ಮೆ ನೋಡಿ. ಅದು ಕಲ್ಲಿಗೆ ತಗುಲಿ ಒಳಕ್ಕೆ ನೆಗ್ಗಿದ್ದರೆ ಆಯಿಲ್ ಎಳೆಯುವ ಜಾಲರಿಗೆ ಅಡ್ಡವಾಗಿ, ಎಂಜಿನ್ ನಿಜವಾಗಿಯೂ ಹಾಳಾಗುತ್ತದೆ. ಕಡಿದಾದ ಏರಿನಲ್ಲಿ ಆಯಿಲ್ ದೀಪ ಮಿನುಗಿದರೆ ತಕ್ಷಣ ನಿಲ್ಲಿಸಿ.

ನಾಪೋಕ್ಲು_ತೋಟ:

ಇಬ್ಬರಿಗೂ ಧನ್ಯವಾದಗಳು. ಸಂಪ್ ಸರಿಯಾಗಿದೆ. ನಡುವಿನ ಸಿಲಿಂಡರಿನ ವೈರ್ ತೆಗೆದಾಗ ಟಿಕ್ ಟಿಕ್ ಸದ್ದು ನಿಂತೇ ಹೋಯಿತು. ಟಾರ್ಚ್ ಹಿಡಿದು ನೋಡಿದರೆ ಅದೇ ಜಾಗದಲ್ಲಿ, ಮ್ಯಾನಿಫೋಲ್ಡ್ ಹೆಡ್ಡಿಗೆ ಕೂಡುವ ಅಂಚಿನಲ್ಲಿ, ಬೆರಳಗಲದ ಕಪ್ಪು ಮಸಿಯ ಗೆರೆ ಕಾಣಿಸಿತು. ಒಂದು ನಟ್ಟು ಕೈಯಲ್ಲೇ ಅಲ್ಲಾಡುತ್ತಿದೆ.

ಹಳೇ_ಬಂಡಿ_ವಿರಾಜಪೇಟೆ:

ಹಾಗಾದರೆ ಗ್ಯಾಸ್ಕೆಟ್ಟೇ ಸರ್. ಉಳಿದ ನಟ್ಟುಗಳು ತುಕ್ಕು ಹಿಡಿದಿರುತ್ತವೆ. ಬಲವಂತ ಮಾಡಿದರೆ ನಟ್ಟು ಕೂರುವ ಸ್ಟಡ್ (ತಿರುಪುಕಡ್ಡಿ) ಮುರಿದು ಹೆಡ್ಡಿನೊಳಗೇ ಉಳಿದುಬಿಡುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಮ್ಯಾನಿಫೋಲ್ಡಿನ ಮುಖ ಬಾಗಿದೆಯೇ ಎಂದು ಉಕ್ಕಿನ ಪಟ್ಟಿ ಇಟ್ಟು ನೋಡಿದ ಮೇಲೆಯೇ ಹೊಸ ಗ್ಯಾಸ್ಕೆಟ್ ಕೂರಿಸಲು ಹೇಳಿ, ಏಕೆಂದರೆ ಬಾಗಿದ್ದರೆ ಹೊಸದೂ ಬೇಗನೆ ಸೋರುತ್ತದೆ. ಟೈಮಿಂಗ್ ಕೆಲಸವನ್ನೂ ಅದೇ ದಿನ ಮಾಡಿಸಿಕೊಂಡು, ಏರಿನ ಸದ್ದು ಏನಾಯಿತೆಂದು ಇಲ್ಲಿ ತಿಳಿಸಿ.