ಹೊರ ತಂಡಗಳ ಎದೆ ನಡುಗಿಸುವ ಹಾಕಿ ಕ್ರೀಡಾಂಗಣ ಯಾವುದು? ಅನುಭವ ತಿಳಿಸಿ

ಮಡಿಕೇರಿಯ ತರಬೇತುದಾರ: ನಮ್ಮ ಶಾಲೆಯ ಹುಡುಗಿಯರು ಪ್ರೇಕ್ಷಕರು ಹೆಚ್ಚಾದೊಡನೆ ಆಟ ಮರೆಯುತ್ತಾರೆ. ತುಂಬಿದ ಗ್ಯಾಲರಿಯ ಎದುರು ಹೊರಗಿನ ತಂಡ ಹೇಗೆ ಆಡುತ್ತದೆಂದು ಅವರಿಗೆ ತೋರಿಸಬೇಕೆಂದಿದ್ದೇನೆ. ರೂರ್ಕೆಲಾ, ಭುವನೇಶ್ವರ, ರಾಂಚಿ, ಇವುಗಳಲ್ಲಿ ಎಲ್ಲಿಗೆ ಕರೆದೊಯ್ಯಲಿ?

ವಿರಾಜಪೇಟೆ ಹಾಫ್‌ಬ್ಯಾಕ್: ರೂರ್ಕೆಲಾ, ಸರ್. 2023ರ ವಿಶ್ವಕಪ್ಪಿಗೆಂದು ತತ್ಕಾಲ್ ಟಿಕೆಟಿಗೆ 2,340 ರೂಪಾಯಿ ತೆತ್ತು ಹೋದೆ; ಮುಂಗಡ ಕೊಟ್ಟಿದ್ದ ಕೋಣೆಯನ್ನು ಲಾಡ್ಜಿನವರು ಬೇರೆಯವರಿಗೆ ಕೊಟ್ಟಿದ್ದರಿಂದ ಇನ್ನೊಂದು ಕಡೆ ರಾತ್ರಿಗೆ 3,800 ಕೊಟ್ಟು, ಬಿಸಿನೀರೂ ಇಲ್ಲದೆ ಚಳಿಯಲ್ಲಿ ನಡುಗಿದೆ. ಜನವರಿ 13ರ ಸಂಜೆಗೆ ಅಷ್ಟೂ ಸಾರ್ಥಕ. ಬಿರ್ಸಾ ಮುಂಡಾ ಕ್ರೀಡಾಂಗಣದಲ್ಲಿ ಇಪ್ಪತ್ತು ಸಾವಿರ ಆಸನಗಳಿವೆ. ರೂರ್ಕೆಲಾ ಇರುವ ಸುಂದರ್‌ಗಢ ಜಿಲ್ಲೆಯವರೇ ಆದ ಅಮಿತ್ ರೋಹಿದಾಸ್ ಸ್ಪೇನ್ ವಿರುದ್ಧ ಮೊದಲ ಗೋಲು ಹೊಡೆದಾಗ ಪಕ್ಕದಲ್ಲಿದ್ದವರ ಮಾತೂ ಕೇಳಿಸಲಿಲ್ಲ. ಭಾರತ 2–0ಯಿಂದ ಗೆದ್ದಿತು. ಗೋಲಿಯ ಕೂಗನ್ನು ನಂಬಿ ರಕ್ಷಣೆಯವರು ನಿಲ್ಲುವ ಆಟದಲ್ಲಿ ಆ ಕೂಗೇ ಮುಳುಗಿದರೆ ಹೊರ ತಂಡ ಏನು ಮಾಡೀತು?

ಹುಬ್ಬಳ್ಳಿ ಗೋಲಿ: ಎರಡೇ ದಿನಕ್ಕೆ ಅದೇ ಮೈದಾನದಲ್ಲಿ ಇಂಗ್ಲೆಂಡ್ 0–0 ಆಡಿ ಹೋದದ್ದನ್ನು ಏಕೆ ಮರೆಮಾಚುತ್ತೀರಿ? ಹದಿನೆಂಟು ವರ್ಷ ಗೋಲು ಕಾದವನು ನಾನು. ಗದ್ದಲವಿದ್ದರೆ ಕೈಸನ್ನೆಯಲ್ಲೇ ಕೆಲಸ ನಡೆಯುತ್ತದೆ. ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ 2018ರ ಡಿಸೆಂಬರ್ 13ರಂದು ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್ ನೋಡಿದೆ. ಆಕಾಶ್‌ದೀಪ್ ಮೊದಲು ಗೋಲು ಹೊಡೆದರೂ ನೆದರ್ಲೆಂಡ್ಸ್ ಸಮ ಮಾಡಿ, 50ನೇ ನಿಮಿಷದ ಪೆನಾಲ್ಟಿ ಕಾರ್ನರಿನಲ್ಲಿ (ಎದುರಾಳಿಯ ತಪ್ಪಿಗೆ ಸಿಗುವ ಗೋಲಿನ ಅವಕಾಶ) 2–1 ಮಾಡಿದಾಗ ಇಡೀ ಗ್ಯಾಲರಿಗೆ ಗರ ಬಡಿದಂತಾಯಿತು. 2023ರಲ್ಲಿ ಮತ್ತೆ ಅಲ್ಲಿಗೇ ಹೋದೆ; 3–1 ಮುಂದಿದ್ದ ಭಾರತ, ಪಂದ್ಯ 3–3 ಸಮವಾಗಿ, ಒಬ್ಬೊಬ್ಬರೇ ಗೋಲಿಯನ್ನು ಎದುರಿಸುವ ಶೂಟೌಟಿನಲ್ಲಿ ನ್ಯೂಜಿಲೆಂಡಿಗೆ ಸೋತಿತು. ಎರಡು ಪ್ರಯಾಣಕ್ಕೆ 21,450 ರೂಪಾಯಿ, ಹನ್ನೊಂದು ದಿನದ ಸಂಬಳವಿಲ್ಲದ ರಜೆ. ಆ ಗದ್ದಲಕ್ಕೆ ಅಂಜಿದವರು ನಮ್ಮವರೇ.

ವಿರಾಜಪೇಟೆ ಹಾಫ್‌ಬ್ಯಾಕ್: ನಿಮ್ಮ ಕಳಿಂಗದ ಪ್ರೇಕ್ಷಕರ ಮಾತು ಬೇಡ. 2014ರ ಚಾಂಪಿಯನ್ಸ್ ಟ್ರೋಫಿ ಸೆಮಿಫೈನಲ್‌ನಲ್ಲಿ ಪಾಕಿಸ್ತಾನ 4–3ರಿಂದ ಗೆದ್ದು, ಅದರ ಆಟಗಾರರು ಗ್ಯಾಲರಿಯತ್ತ ಅಸಭ್ಯ ಸನ್ನೆ ಮಾಡಿದರು. ಅಷ್ಟು ಕೆರಳುವಂತೆ ಕೆಣಕುವುದು ಪ್ರೋತ್ಸಾಹವೇ?

ಹುಬ್ಬಳ್ಳಿ ಗೋಲಿ: ಸನ್ನೆ ಮಾಡಿದ ಇಬ್ಬರನ್ನು ಫೈನಲ್ಲಿನಿಂದ ಹೊರಗಿಟ್ಟರು, ಪ್ರೇಕ್ಷಕರನ್ನಲ್ಲ. ಅಂದು ನೀವು ಅಲ್ಲಿದ್ದಿರೇನು? ನಾನಿದ್ದೆ.

ಮೈಸೂರು ಲೆಫ್ಟ್‌ವಿಂಗ್: ತರಬೇತುದಾರರು ಕೇಳಿದ್ದು ಹುಡುಗಿಯರ ಬಗ್ಗೆ, ನೀವಿಬ್ಬರೂ ಗಂಡಸರ ಪಂದ್ಯ ಬಿಟ್ಟು ಕದಲುತ್ತಿಲ್ಲ. ನಾನು 2024ರ ಜನವರಿಯಲ್ಲಿ ಅಕ್ಕನ ಮಗಳೊಂದಿಗೆ ರಾಂಚಿಗೆ, ಮಹಿಳೆಯರ ಒಲಿಂಪಿಕ್ಸ್ ಅರ್ಹತಾ ಪಂದ್ಯಗಳಿಗೆ ಹೋದೆ. ರೈಲು ಒಂಬತ್ತು ಗಂಟೆ ತಡವಾಗಿ, ಮೊದಲ ರಾತ್ರಿಯ ಕೋಣೆಯ ಬಾಡಿಗೆ 1,900 ವ್ಯರ್ಥವಾಯಿತು. 18ರಂದು ಜರ್ಮನಿಯೊಡನೆ 2–2, ಶೂಟೌಟಿನಲ್ಲಿ ಸೋಲು. ಮರುದಿನ ಜಪಾನ್ 1–0ಯಿಂದ ನಮ್ಮನ್ನು ಸೋಲಿಸಿತು. ಭಾರತದ ಆಟಗಾರ್ತಿ ಸಲೀಮಾ ಟೇಟೆಯವರ ಸ್ವಂತ ರಾಜ್ಯದಲ್ಲಿ, ಅಷ್ಟು ಜನರ ಕೂಗಿನ ನಡುವೆ, ಪೆನಾಲ್ಟಿ ಕಾರ್ನರುಗಳು ಒಂದರ ಹಿಂದೊಂದು ವ್ಯರ್ಥವಾಗಿ ಪ್ಯಾರಿಸ್ ಒಲಿಂಪಿಕ್ಸ್ ಕೈತಪ್ಪಿತು. ಗ್ಯಾಲರಿ ಖಾಲಿಯಾದರೂ ಅಕ್ಕನ ಮಗಳು ಏಳಲೊಲ್ಲಳು, ನಾನೂ ಎಬ್ಬಿಸಲಿಲ್ಲ.