ಮಕ್ಕಳ ಪ್ರಾಜೆಕ್ಟ್ ಮನೆಯವರಿಗೆ ಆನ್‌ಲೈನ್‌ನಲ್ಲಿ ತೋರಿಸೋದು ಹೇಗೆ? ಅನುಭವ ಇದ್ದವರು ಹೇಳಿ

ಸವಣೂರು ಕಡೆಯ ಶಿಕ್ಷಕಿ:
ನಮಸ್ಕಾರ. ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ತರಗತಿ ನನ್ನದು, ಅಂದರೆ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಆಡುತ್ತ ಕಲಿಯೋದು. ಮಕ್ಕಳು ಕಾಳು ಮೊಳಕೆ ಬರಿಸಿದ್ದು, ಎಲೆ ಅಂಟಿಸಿದ ಪುಸ್ತಕ, ಮಕ್ಕಳ ಸಂತೆ ಎಲ್ಲ ಚೆಂದ ಮಾಡಿದ್ದಾರೆ. ಮನೆಯವರಿಗೆ ತೋರಿಸಬೇಕು. ವಾಟ್ಸಾಪ್ ಗ್ರೂಪ್ ಸಾಕಾ, ಯೂಟ್ಯೂಬ್ ಚಾನೆಲ್ ಬೇಕಾ, ಬ್ಲಾಗ್ ಮಾಡಲಾ? ಅರ್ಧ ಪಾಲಕರ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲ.

ಗದಗ ಜಿಲ್ಲೆಯ ಮಾಸ್ತರು:
ಅಕ್ಕೋರೆ, ಯೂಟ್ಯೂಬೇ ಸರಿ. ನಾನು ಶುರು ಮಾಡಿದ್ದು ವಾಟ್ಸಾಪ್‌ನಲ್ಲಿ. ವಿಡಿಯೊ ಮಸುಕಾಗುತ್ತಿತ್ತು, ಚಾರ್ಟ್ ಮೇಲಿನ ಅಕ್ಷರ ಕಾಣುತ್ತಿರಲಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಪಾಲಕರ ಫೋನ್ ತುಂಬಿ, ಒಬ್ಬೊಬ್ಬರೇ ಗ್ರೂಪ್ ಬಿಟ್ಟು ಹೋದರು. ನನ್ನ ಫೋನಿನ ಗತಿಯಂತೂ ಕೇಳಬೇಡಿ. 2021ರ ಜೂನ್‌ನಿಂದ ಗೂಗಲ್ ಫೋಟೋಸ್‌ನಲ್ಲಿ ಬೇಕಾದಷ್ಟು ಪುಕ್ಕಟೆ ಜಾಗ ಸಿಗಲ್ಲ, ಮೇಲ್, ಡ್ರೈವ್, ಫೋಟೋ ಎಲ್ಲ ಸೇರಿ 15 ಜಿಬಿ ಅಷ್ಟೇ. ಅದು ತುಂಬಿದ ಮೇಲೆ ಮೇಲ್ ಬರೋದೇ ನಿಂತು, ತರಬೇತಿಯ ಪತ್ರ ಕೈತಪ್ಪಿತು. ಜಾಗಕ್ಕೆ ತಿಂಗಳು ತಿಂಗಳು ದುಡ್ಡು, ಟ್ರೈಪಾಡಿಗೆ 650, ಕಾಲರ್ ಮೈಕಿಗೆ 900, ಅದರ ವೈರನ್ನು ಇಲಿ ಕಡಿದಿದ್ದಕ್ಕೆ ಮತ್ತೆ 900. ಎಲ್ಲ ನನ್ನ ಜೇಬಿನಿಂದ.

ಆದರೆ ನಮ್ಮ ಜಿಲ್ಲೆಯ ಮಾಗಡಿ ಕೆರೆ ವಿಡಿಯೊ ಆದ ಮೇಲೆ ಎಲ್ಲ ವಸೂಲಾಯಿತು. ನಮ್ಮ ನಾಲ್ಕನೇ ತರಗತಿಯವರು ಚಳಿಗಾಲದಲ್ಲಿ ಹೋಗಿ ಪಟ್ಟೆತಲೆ ಹೆಬ್ಬಾತು ನೋಡಿ ಬಂದು ಚಾರ್ಟ್ ಮಾಡಿದರು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ ಅದು. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೂ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೂ ಸೇರಿದೆ. ಇಷ್ಟನ್ನೂ ಒಬ್ಬ ಹುಡುಗಿ ಕೈಯಲ್ಲಿ ಕೋಲು ಹಿಡಿದು ಒಂದೊಂದೇ ತೋರಿಸಿ ಹೇಳಿದಳು. ಅವಳ ಅಪ್ಪ ಗೋವಾದಲ್ಲಿ ಗೌಂಡಿ ಕೆಲಸಕ್ಕಿದ್ದಾರೆ. ಅಲ್ಲಿಂದಲೇ ಫೋನ್ ಮಾಡಿ, 'ಮಾಸ್ತರ, ನನ್ನ ಮಗಳು ಹಿಂಗ ಮಾತಾಡ್ತಾಳಂತ ನನಗ ಗೊತ್ತೇ ಇರಲಿಲ್ರಿ' ಅಂದರು.

ರಾಣೆಬೆನ್ನೂರಿನ ಶಿಕ್ಷಕಿ:
ಯೂಟ್ಯೂಬ್ ಬೇಡವೇ ಬೇಡ. ನಮ್ಮ ಮೂರನೇ ತರಗತಿಯ ಹುಡುಗ ಗಿಡದ ಚಿತ್ರ ಬರೆದು ಕೆಳಗೆ 'ಮೆಕೆಜೊಳ' ಅಂತ ಬರೆದಿದ್ದ. ಮಗುವಿನ ಕೈಬರಹ ಅಲ್ವಾ, ಹಾಗೇ ಹಾಕಿದೆ. ಊರಿನವನೊಬ್ಬ ಸ್ಕ್ರೀನ್‌ಶಾಟ್ ತೆಗೆದು 'ಸರ್ಕಾರಿ ಸಾಲಿ ಹಣೆಬರಹ' ಅಂತ ಊರ ಗ್ರೂಪಿಗೆಲ್ಲ ಹಂಚಿದ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ನನ್ನನ್ನು ನಿಲ್ಲಿಸಿ ಕೇಳಿದರು. ಅದು ಹೋಗಲಿ, ಆ ಹುಡುಗ ಎಷ್ಟೋ ದಿನ ಪೆನ್ಸಿಲ್ ಮುಟ್ಟಲಿಲ್ಲ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈಗ ನಾನು ವಾಯ್ಸ್ ಮೆಸೇಜ್ ಮಾತ್ರ ಕಳಿಸುತ್ತೇನೆ. ಜೊತೆಗೆ ಒಂದು ಫೋಟೋ. ಅದರಲ್ಲಿ ಮಗುವಿನ ಕೈ ಮತ್ತು ಕೆಲಸ ಅಷ್ಟೇ, ಮುಖ ಇರಲ್ಲ. ಅದು ಆ ಮಗುವಿನ ಮನೆಗೆ ಮಾತ್ರ ಹೋಗುತ್ತದೆ. 'ಹೆಸರುಕಾಳು ನೆನಸಿ ಒದ್ದಿ ಬಟ್ಟ್ಯಾಗ ಇಟ್ಟಿದ್ದೆ, ಮೊದಲ ಬೇರು ಬಂತು, ಆಮ್ಯಾಲ ಎಲಿ ಬಂತು' ಅಂತ ಒಬ್ಬಳು ಹೇಳಿದ್ದನ್ನು ಅವಳ ಅವ್ವ ಮೆಣಸಿನಕಾಯಿ ಬಿಡಿಸುವಾಗ ಸ್ಪೀಕರ್ ಹಾಕಿ ಹೊಲದಲ್ಲಿದ್ದವರಿಗೆಲ್ಲ ಕೇಳಿಸಿದರಂತೆ. ಓದಲು ಬಾರದ ಅವ್ವಂದಿರಿಗೆ ಬ್ಲಾಗ್ ಯಾತಕ್ಕೆ? ಖರ್ಚು ರೀಚಾರ್ಜ್ ಒಂದೇ. ಆದರೆ ಹೊತ್ತು ಹಿಡಿಯುತ್ತದೆ, ಒಬ್ಬೊಬ್ಬರಿಗೂ ಬೇರೆ ಬೇರೆ ಕಳಿಸಿ ಮುಗಿಸುವಷ್ಟರಲ್ಲಿ ರಾತ್ರಿ ಹತ್ತಾಗಿರುತ್ತದೆ. ಕೀಪ್ಯಾಡ್ ಫೋನ್ ಇದ್ದವರಿಗೆ ಶಾಲೆಯಿಂದಲೇ ಕರೆ ಮಾಡಿ ಮಗುವಿನ ಕೈಗೆ ಕೊಡುತ್ತೇನೆ.

ಗದಗ ಜಿಲ್ಲೆಯ ಮಾಸ್ತರು:
ತಿದ್ದಿಸಿ ಹಾಕಬೇಕಿತ್ತು ಮೇಡಂ. ನಾನು ಚಾರ್ಟ್ ತಿದ್ದಿಸಿಯೇ ವಿಡಿಯೊ ಮಾಡೋದು. ಸಾಲಿ ಮರ್ಯಾದೆ ಪ್ರಶ್ನೆ.

ರಾಣೆಬೆನ್ನೂರಿನ ಶಿಕ್ಷಕಿ:
ನೀವು ತಿದ್ದಿಸಿದ ಮೇಲೆ ಅದು ನಿಮ್ಮ ಪ್ರಾಜೆಕ್ಟ್ ಆಯಿತು. ನಲಿ-ಕಲಿಯಲ್ಲಿ ಒಂದೊಂದು ಮಗು ಕಲಿಕೆಯ ಒಂದೊಂದು ಮೈಲಿಗಲ್ಲಿನಲ್ಲಿ ಇರುತ್ತದೆ. ಈಗ ಒತ್ತಕ್ಷರ ಬಾರದವನಿಗೆ ದೀಪಾವಳಿ ಹೊತ್ತಿಗೆ ಬರುತ್ತದೆ. ಎರಡನ್ನೂ ಅವನ ಅವ್ವ ನೋಡಬೇಕು.

ಹುಬ್ಬಳ್ಳಿಯ ತಾಯಿ:
ಮಾಸ್ತರರ ಮಾತು ಓದಿ ಸಿಟ್ಟು ಬಂತು. ನನ್ನ ಮಗ ಖಾಸಗಿ ಶಾಲೆಯಲ್ಲಿ ಎರಡನೇ ತರಗತಿ. ಅಲ್ಲಿ ಒಂದು ಆ್ಯಪ್ ಇದೆ, ಫೀ ಜೊತೆಗೇ ವರ್ಷಕ್ಕೆ 1,200 ರೂಪಾಯಿ ತಗೊಳ್ಳುತ್ತಾರೆ. ಎಲ್ಲರ ಪ್ರಾಜೆಕ್ಟ್ ಎಲ್ಲರಿಗೂ ಕಾಣುತ್ತದೆ. ಪೈಪೋಟಿ ಶುರುವಾಗೋದೇ ಅಲ್ಲಿಂದ. ಒಬ್ಬರು ಥರ್ಮಾಕೋಲ್‌ನಲ್ಲಿ ಉಣಕಲ್ ಕೆರೆ ಮಾಡಿ, ನಡುವೆ ವಿವೇಕಾನಂದರ ಪ್ರತಿಮೆ ಇಟ್ಟು, ಸುತ್ತ ಲೈಟ್ ಬಿಟ್ಟಿದ್ದರು. ಅಂಗಡಿಯಲ್ಲಿ 800 ಕೊಟ್ಟು ಮಾಡಿಸಿದ್ದು ಅಂತ ಎಲ್ಲರಿಗೂ ಗೊತ್ತು. ನನ್ನ ಮಗ ರಟ್ಟಿನ ಡಬ್ಬಿಯಲ್ಲಿ ತಾನೇ ಗುಬ್ಬಿ ಗೂಡು ಮಾಡಿದ. ಫೆವಿಕಾಲ್ ಹೊರಗೆ ಮೆತ್ತಿತ್ತು, ಗೂಡು ಒಂದು ಕಡೆ ವಾಲಿತ್ತು. ಅದಕ್ಕೆ ಬಂದ ಲೈಕ್ ಎರಡು, ನನ್ನದು ಮತ್ತು ಅವರಪ್ಪನದು. ಮಗ ಕೂತು ಎಣಿಸಿದ. ಲೈಕ್ ತೆಗೆಸಿ ಅಂತ ಟೀಚರ್‌ಗೆ ಕೇಳಿದರೆ, 'ನೀವೂ ಸ್ವಲ್ಪ ಚೆನ್ನಾಗಿ ಮಾಡಿಸಿ ಕಳಿಸಿ' ಅಂದರು. ಮರ್ಯಾದೆ ಮರ್ಯಾದೆ ಅಂತ ಮಕ್ಕಳ ಕೈಯಿಂದ ಕೆಲಸ ಕಿತ್ತುಕೊಳ್ಳೋರು ಇವರೇ.

ಧಾರವಾಡದ ಪಾಲಕ:
ಒಪ್ಪಿಗೆ ವಿಷಯ ಯಾರೂ ಎತ್ತಲಿಲ್ಲವಲ್ಲ? ನನ್ನ ಮಗಳ ಫೋಟೋ ಶಾಲೆಯ ಫೇಸ್‌ಬುಕ್ ಪೇಜ್‌ನಲ್ಲಿದೆ. ಜಿಪಿಎಸ್ ಕ್ಯಾಮೆರಾದಲ್ಲಿ ತೆಗೆದದ್ದು. ಕೆಳಗೆ ಊರು, ಓಣಿ, ಅಕ್ಷಾಂಶ, ರೇಖಾಂಶ, ದಿನ, ಹೊತ್ತು ಎಲ್ಲ ಅಚ್ಚಾಗಿದೆ. ವರದಿಗೆ ಅಂಥ ಫೋಟೋ ಬೇಕು, ಒಪ್ಪೋಣ. ಅದನ್ನೇ ಊರಿಗೆಲ್ಲ ಹಂಚಬೇಕಾ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ತಂದೆ ತಾಯಿ ಒಪ್ಪಿಗೆ ಬೇಕು. ತೆಗೆಸೋಕೆ ಹೋದರೆ, ಪೇಜ್ ಮಾಡಿದ ಶಿಕ್ಷಕರು ವರ್ಗವಾಗಿ ಹೋಗಿದ್ದಾರೆ, ಪಾಸ್‌ವರ್ಡ್ ಅವರಿಗೂ ನೆನಪಿಲ್ಲ, ಆಗಿನ ಸಿಮ್ಮೂ ಈಗಿಲ್ಲ. ಫೋಟೋ ಇನ್ನೂ ಅಲ್ಲೇ ಇದೆ. ಗದಗದ ಮಾಸ್ತರೆ, ನಿಮ್ಮ ಚಾನೆಲ್ ಯಾರ ಹೆಸರಲ್ಲಿದೆ?

ಗದಗ ಜಿಲ್ಲೆಯ ಮಾಸ್ತರು:
ನನ್ನ ಹೆಸರಲ್ಲೇ ಇದೆ. ದುಡ್ಡು ನಂದು, ಹೊತ್ತೂ ನಂದು. ಪಾಲಕರ ಸಭೆಯಲ್ಲಿ ಎಲ್ಲರ ಸಹಿ, ಹೆಬ್ಬೆಟ್ಟು ತಗೊಂಡ ಹಾಳೆ ಫೈಲಿನಲ್ಲಿದೆ. ವಿಡಿಯೊ ಅನ್‌ಲಿಸ್ಟೆಡ್, ಹುಡುಕಿದರೆ ಸಿಗಲ್ಲ. ಮಕ್ಕಳಿಗಾಗಿ ಅಂತ ಗುರುತು ಹಾಕಿದ್ದೇನೆ, ಕಾಮೆಂಟ್ ಬಂದ್.

ಧಾರವಾಡದ ಪಾಲಕ:
ಲಿಂಕ್ ಸಿಕ್ಕವರು ಯಾರಿಗೆ ಬೇಕಾದರೂ ಕಳಿಸಬಹುದು. ಹೆಬ್ಬೆಟ್ಟು ಒತ್ತಿದವರಿಗೆ ಇದನ್ನು ಬಿಡಿಸಿ ಹೇಳಿದ್ದೀರಾ?

ಗದಗ ಜಿಲ್ಲೆಯ ಮಾಸ್ತರು:
ಎಲ್ಲ ಹೇಳಿದ್ದೇನೆ. ನಿಮ್ಮಂಥವರ ಕಾಟಕ್ಕೇ ಎಷ್ಟೋ ಮಾಸ್ತರುಗಳು ಉಸಾಬರಿ ಬೇಡ ಅಂತ ಸುಮ್ನೆ ಕೂರೋದು.

ಲಕ್ಷ್ಮೇಶ್ವರ ಕಡೆಯ ರೈತ:
ಮಾಸ್ತರೆ, ಆ ಹೆಬ್ಬಾತು ವಿಡಿಯೊ ನನಗೂ ಬಂದಿತ್ತು, ಯಾರೋ ಕಳಿಸಿದ್ದರು. ಹುಡುಗಿ ಚೆನ್ನಾಗಿ ಹೇಳಿದಳು. ಆದರೆ ಅವು ನಮ್ಮ ಕಡಲೆ, ಶೇಂಗಾ ಹೊಲಕ್ಕೆ ಇಳಿದು ಮೇಯುತ್ತವೆ, ಅದರ ಬಗ್ಗೆ ಒಂದು ಮಾತಿಲ್ಲ.

ಧಾರವಾಡದ ಪಾಲಕ:
ನೋಡಿ. ಯಾರೋ ಕಳಿಸಿದ್ದರಂತೆ.

ಗದಗ ಜಿಲ್ಲೆಯ ಮಾಸ್ತರು:
ಹೊಲದ ಮಾತು ಹುಡುಗಿ ಬರೆದಿದ್ದಳು. ಉದ್ದ ಆದರೆ ಯಾರೂ ಪೂರ್ತಿ ನೋಡಲ್ಲ, ಅದಕ್ಕೆ ತೆಗೆಸಿದೆ.

ಲಕ್ಷ್ಮೇಶ್ವರ ಕಡೆಯ ರೈತ:
ತೆಗೆಸೋದಿದ್ದರೆ ರಾಮ್ಸಾರ್ ತೆಗೆಸಬೇಕಿತ್ತು. ಹೊಲದ ಮಾತು ಅವಳು ಕಣ್ಣಾರೆ ಕಂಡದ್ದು.